ಆರು ತಿಂಗಳು ಸರಿ, ಆದರೆ ಯಾವ ಫ್ರೀಜರ್‌ನಲ್ಲಿ?

ಹಿಂಡಿದ ಎದೆಹಾಲನ್ನು ಫ್ರೀಜರ್‌ನಲ್ಲಿ ಆರು ತಿಂಗಳು ಇಡಬಹುದು ಅಂತ ಒಂದು ಲೇಖನದಲ್ಲಿ ಓದಿದೆ. ಅದು ಪ್ರತ್ಯೇಕ ಬಾಗಿಲಿರುವ, ಮೈನಸ್ 18 ಡಿಗ್ರಿಗೆ ಇಳಿಯುವ ಫ್ರೀಜರ್‌ನ ಲೆಕ್ಕ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇರುವುದು ಸಿಂಗಲ್ ಡೋರ್ ಫ್ರಿಜ್. ಅದರ ಒಳಗಿನ ಐಸ್ ಬಾಕ್ಸನ್ನು ಎರಡು ವಾರಕ್ಕಿಂತ ಜಾಸ್ತಿ ನಂಬಬೇಡಿ. ಕರೆಂಟ್ ಹೋಗಿ ಬಂತು ಅಂದ್ರೆ ಪ್ಯಾಕೆಟ್ ಮುಟ್ಟಿ ನೋಡಿ. ಒಳಗೆ ಇನ್ನೂ ಐಸ್ ಹರಳು ಇದ್ದರೆ ಮತ್ತೆ ಗಟ್ಟಿಯಾಗಲು ಬಿಡಬಹುದು. ಪೂರ್ತಿ ಕರಗಿದ್ದರೆ ಮತ್ತೆ ಫ್ರೀಜ್ ಮಾಡಲೇಬಾರದು.

ಕರಗಿಸಲು ಹಿಂದಿನ ರಾತ್ರಿಯೇ ಪ್ಯಾಕೆಟ್ ತೆಗೆದು ಫ್ರಿಜ್‌ನ ಒಳಗಡೆ ಇಟ್ಟರೆ ಸಾಕು. ಕರಗಿದ ಮೇಲೆ ಫ್ರಿಜ್‌ನಲ್ಲೇ ಇದ್ದರೆ 24 ಗಂಟೆ, ಹೊರಗಿಟ್ಟರೆ ಒಂದೆರಡು ಗಂಟೆ ಅಷ್ಟೇ. ಅವಸರವಿದ್ದರೆ ಬೆಚ್ಚಗಿನ ನೀರಿನ ಪಾತ್ರೆಯಲ್ಲಿಡಿ. ಮೈಕ್ರೋವೇವ್ ಬೇಡವೇ ಬೇಡ, ಹಾಲು ಅಲ್ಲಲ್ಲಿ ಕುದಿಯುವಷ್ಟು ಕಾದು ಮಗುವಿನ ಬಾಯಿ ಸುಡುತ್ತೆ.

ಕರಗಿದ ಹಾಲು ಕೆಲವರದ್ದು ಸೋಪಿನ ವಾಸನೆ ಹೊಡೆಯುತ್ತೆ. ನಮ್ಮತ್ತೆ ಕೆಟ್ಟಿದೆ ಅಂತ ಚೆಲ್ಲೋಕೇ ಹೋಗಿದ್ದರು! ಅದು ಹಾಲಿನಲ್ಲೇ ಇರುವ ಲೈಪೇಸ್ ಅನ್ನುವ ಕಿಣ್ವದ ಕೆಲಸ, ಮಗು ಕುಡಿದರೆ ತೊಂದರೆಯಿಲ್ಲ. ಕೆನೆ ಬೇರೆಯಾಗಿದ್ದರೆ ಮೆಲ್ಲಗೆ ಅಲ್ಲಾಡಿಸಿ.

60 ಮಿಲಿಯ ಚಿಕ್ಕ ಪ್ಯಾಕೆಟ್ ಮಾಡಿಕೊಳ್ಳಿ. ಮಗು ಬಾಯಿಟ್ಟು ಉಳಿಸಿದ ಹಾಲನ್ನು ಎರಡು ಗಂಟೆ ದಾಟಿದರೆ ಚೆಲ್ಲಬೇಕಾಗುತ್ತೆ, ಹೊಟ್ಟೆ ಉರಿಯುತ್ತೆ ಅಲ್ವಾ?