ಅಜ್ಜ ಓಡಿಸದ ಜೀಪು

ಇವತ್ತು ಮಧ್ಯಾಹ್ನ ಬೆಳಗಾವಿಯ ಖಾನಾಪುರ ರಸ್ತೆಯಲ್ಲಿ ಕಾರಿನ ಶೋರೂಮೊಂದರ ಮುಂದೆ ಕಟ್ಟಿದ ಬ್ಯಾನರ್ ನೋಡಿದಾಗಿನಿಂದ ಮನಸ್ಸು ನೆಲೆಗೆ ನಿಂತಿಲ್ಲ. ಎರಡನೇ ಮಹಾಯುದ್ಧದ ಕಾಲದ ಭಾರತೀಯ ಸಿಪಾಯಿಗಳು ಕೆಸರಿನ ಗುಡ್ಡವನ್ನು ಏರುತ್ತಿರುವ ಹಳೆಯ ಫೋಟೋ. ಅವರ ಮುಂದೆ, ಅದೇ ಗುಡ್ಡದ ಮೇಲೆ, ಕಂಪ್ಯೂಟರಿನಲ್ಲಿ ಕೂಡಿಸಿದ ಹೊಸ ಕೆಂಪು ಗಾಡಿ. 'ಅಂದು ಅವರು ಗೆದ್ದ ಹಾದಿ, ಇಂದು ನಿಮ್ಮದು' ಎಂದು ದಪ್ಪ ಅಕ್ಷರದ ಸಾಲು, ಅದರ ಕೆಳಗೆ ಹಬ್ಬದ ರಿಯಾಯಿತಿ ಮತ್ತು ಸುಲಭ ಕಂತು. ಕೊನೆಯಲ್ಲಿ ನಿಂತ ಸಿಪಾಯಿಯ ಮುಖದ ಮೇಲೆಯೇ ತಿಂಗಳ ಕಂತಿನ ಮೊತ್ತ ಅಚ್ಚಾಗಿದೆ. ಅವನ ಮುಂಡಾಸು ಕಾಣುತ್ತದೆ, ಕಣ್ಣು ಕಾಣುವುದಿಲ್ಲ.

ನಮ್ಮ ಅಜ್ಜ ಸೈನ್ಯದ ಮರಾಠಾ ಲೈಟ್ ಇನ್‌ಫಂಟ್ರಿ ರೆಜಿಮೆಂಟಿನಲ್ಲಿದ್ದರು, ಇಟಲಿಯವರೆಗೆ ಹೋಗಿ ಬಂದರು ಎಂಬುದು ಇಲ್ಲಿರುವ ಹೆಚ್ಚಿನ ಗೆಳೆಯರಿಗೆ ಗೊತ್ತು. 1944ರ ಚಳಿಗಾಲದಲ್ಲಿ ಅಪೆನೈನ್ ಬೆಟ್ಟಗಳಲ್ಲಿ ಮಳೆ, ಹಿಮ, ಕೆಸರು ಸೇರಿ ಗಾಡಿಗಳೆಲ್ಲ ಹೂತು ನಿಂತಾಗ, ಮುಂದಿನ ಸಾಲಿನವರಿಗೆ ರೊಟ್ಟಿಯನ್ನೂ ಮದ್ದುಗುಂಡನ್ನೂ ಮುಟ್ಟಿಸಿದವು ಹೇಸರಗತ್ತೆಗಳು. ರಾತ್ರಿ ಅವುಗಳನ್ನು ಮೇಲಕ್ಕೆ ಹೊಡೆದುಕೊಂಡು ಹೋಗುವುದು, ಇಳಿಯುವಾಗ ಅವುಗಳ ಬೆನ್ನಿನ ಮೇಲೆ ಗಾಯಗೊಂಡವರನ್ನು ಕರೆತರುವುದು ಅಜ್ಜನ ಕೆಲಸವಾಗಿತ್ತು. "ಖೆಚ್ಚರದ ಬಾಲಾ ಹಿಡ್ಕೊಂಡ ಗುಡ್ಡಾ ಏರೇವಪಾ, ಗಾಡಿ ಎಲ್ಲಿ ಬರತಿತ್ತು ಅಲ್ಲಿ?" ಎನ್ನುತ್ತಿದ್ದರು. ಅಂಥದೇ ಗುಡ್ಡದ ಮೇಲೆ ಈಗ ಕೆಂಪು ಗಾಡಿ ನಿಂತಿದೆ.

ಸ್ಕೂಟರ್ ನಿಲ್ಲಿಸಿ ಒಳಗೆ ಹೋದೆ. ಮ್ಯಾನೇಜರ್ ಹುಡುಗ ಕುರ್ಚಿ ಕೊಟ್ಟು, ಚಹಾ ತರಿಸಿ, ಬಹಳ ಮರ್ಯಾದೆಯಿಂದಲೇ ಮಾತಾಡಿದ. "ಸರ್, ನಿಮ್ಮಂಥವ್ರಿಗೆ ಅಭಿಮಾನ ಆಗ್ಲಿ ಅಂತನ ಹಾಕೇವ್ರಿ. ಮರಾಠಾ ಸೆಂಟರ್ ಇರೋ ಊರಲ್ರೀ ಇದು" ಎಂದ. ಅಜ್ಜನ ರೆಜಿಮೆಂಟಿನ ತರಬೇತಿ ಕೇಂದ್ರದ ಮಾತದು. ಫೋಟೋ ಎಲ್ಲಿಯದು ಎಂದು ಕೇಳಿದರೆ, "ಗೂಗಲ್‌ನ್ಯಾಗ ಸಿಕ್ತ್ರಿ" ಎಂದ. ಅವರು ಯಾವ ದಳದವರು, ಯಾವ ದೇಶದ ಗುಡ್ಡ, ಯಾವ ವರ್ಷ, ಯಾವುದೂ ಅವನಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಗೌರವಕ್ಕೆಂದೇ ಹಾಕಿದ್ದಾರೆ, ಇದರಲ್ಲಿ ತಪ್ಪೇನು ಎಂದು ನಿಮ್ಮಲ್ಲಿ ಕೆಲವರೂ ಕೇಳಬಹುದು. ಗೌರವವೆಂದರೆ ಮೊದಲು ಹೆಸರು ಹಿಡಿದು ನೆನೆಯಬೇಕು. 1922ರಿಂದ ಮರಾಠಾ ಸೆಂಟರ್ ಇರುವ ಊರಿನಲ್ಲಿ, ಅದೇ ರೆಜಿಮೆಂಟಿನ ನಾಯಕ್ ಯಶವಂತ ಘಾಡ್ಗೆ 1944ರ ಜುಲೈ 10ರಂದು ಇಟಲಿಯಲ್ಲಿ ಒಬ್ಬರೇ ಮೆಷಿನ್‌ಗನ್ ಠಾಣೆಯ ಮೇಲೆ ನುಗ್ಗಿ ಪ್ರಾಣ ಬಿಟ್ಟರೆಂದೂ, ಸಿಪಾಯಿ ನಾಮದೇವ ಜಾಧವ 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ದಂಡೆಯಲ್ಲಿ ಗಾಯಗೊಂಡ ಇಬ್ಬರು ಜೊತೆಗಾರರನ್ನು ಗುಂಡಿನ ಮಳೆಯಲ್ಲೇ ಹೊತ್ತು ತಂದರೆಂದೂ, ಇಬ್ಬರಿಗೂ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತೆಂದೂ ಆ ಬ್ಯಾನರಿನಲ್ಲಿ ಒಂದು ಸಾಲು ಇದ್ದಿದ್ದರೆ ನಾನು ಸುಮ್ಮನೆ ನಮಸ್ಕಾರ ಮಾಡಿ ಮುಂದೆ ಹೋಗುತ್ತಿದ್ದೆ. ಹೆಸರನ್ನು ಬಿಟ್ಟು, ನೋವನ್ನು ಬಿಟ್ಟು, ಬರೀ ಮೀಸೆ ಮುಂಡಾಸುಗಳನ್ನು ಗಾಡಿಯ ಹಿಂದೆ ನಿಲ್ಲಿಸುವುದನ್ನು ಗೌರವವೆಂದು ಒಪ್ಪಲಾರೆ.

ಇನ್ನು 'ಗೆದ್ದ ಹಾದಿ' ಎಂಬ ಮಾತು. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್ಲಿತ್‌ಗೋ ನಮ್ಮವರಲ್ಲಿ ಯಾರನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ಇಳಿಸಿದರು. ಸುಮಾರು 25 ಲಕ್ಷ ಮಂದಿ ಸೈನ್ಯ ಸೇರಿದರು, 87 ಸಾವಿರದಷ್ಟು ಮಂದಿ ತಿರುಗಿ ಬರಲಿಲ್ಲ. 1942ರಲ್ಲಿ ಒಂದೇ ಓಣಿಯ ಒಬ್ಬನು ಹಿಂಡಲಗಾ ಜೈಲಿಗೆ ಹೋದರೆ ಇನ್ನೊಬ್ಬನು ಭರ್ತಿಗೆ ಹೋಗುತ್ತಿದ್ದ ಕಾಲವದು. ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅಜ್ಜನ ಹತ್ತಿರ ಇದೆಲ್ಲ ಕೇಳಿದರೆ, "ಪಗಾರ ಬರತಿತ್ತು, ಮನ್ಯಾಗ ಜ್ವಾಳಾ ಬರತಿದ್ವು" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಗೆದ್ದೆವು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ.

ಕಾರಿನ ಉದ್ಯಮಕ್ಕಂತೂ ಯುದ್ಧದ ನೆನಪನ್ನು ಮುಟ್ಟುವಾಗ ಕೈ ನಡುಗಬೇಕು. ಫೋಕ್ಸ್‌ವ್ಯಾಗನ್ ಕಾರು ಹುಟ್ಟಿದ್ದು ಹಿಟ್ಲರನ ಆಡಳಿತದಲ್ಲಿ. ವಾರಕ್ಕೆ 5 ಮಾರ್ಕಿನ (ಮಾರ್ಕ್ ಅಂದರೆ ಜರ್ಮನಿಯ ಆಗಿನ ಹಣ) ಉಳಿತಾಯದ ಚೀಟಿ ಅಂಟಿಸುತ್ತ ಹೋದರೆ ಕಾರು ನಿಮ್ಮದಾಗುತ್ತದೆ ಎಂದು ನಂಬಿಸಿ ಸುಮಾರು 3 ಲಕ್ಷ 36 ಸಾವಿರ ಜನರಿಂದ ಹಣ ಕಟ್ಟಿಸಿಕೊಂಡರು. ಅವರಲ್ಲಿ ಒಬ್ಬರಿಗೂ ಆ ಯೋಜನೆಯಿಂದ ಕಾರು ಸಿಗಲಿಲ್ಲ. ಕಾರ್ಖಾನೆಯಲ್ಲಿ ಸೈನ್ಯದ ಗಾಡಿಗಳು ತಯಾರಾದವು, ಪರದೇಶಗಳಿಂದ ಹಿಡಿದು ತಂದವರನ್ನೂ ಸೆರೆಶಿಬಿರದ ಕೈದಿಗಳನ್ನೂ ಅಲ್ಲಿ ದುಡಿಸಿದರು. ಅದೇ ಕಾರನ್ನು 1959ರಲ್ಲಿ ಅಮೆರಿಕದಲ್ಲಿ ಮಾರಲು ಹೊರಟ ಜಾಹೀರಾತಿನವರು ಯುದ್ಧದ ಮಾತೇ ಎತ್ತಲಿಲ್ಲ, ಕಾರು ಸಣ್ಣದು ಎಂಬುದನ್ನೇ ಹೇಳಿ ಮಾರಿದರು. ಬಿಎಂಡಬ್ಲ್ಯು ಕಂಪನಿ 2016ರಲ್ಲಿ ತನ್ನ ನೂರನೇ ವರ್ಷದ ಸಂದರ್ಭದಲ್ಲಿ, ಯುದ್ಧಕಾಲದಲ್ಲಿ ಬಲವಂತವಾಗಿ ದುಡಿಸಿಕೊಂಡವರ ಬಗ್ಗೆ ವಿಷಾದ ವ್ಯಕ್ತಪಡಿಸಿತು. ಈ ಎರಡು ದಾರಿಗಳೂ ನನಗೆ ಒಪ್ಪಿಗೆ: ಗಾಡಿ ಮಾರುವಾಗ ಗಾಡಿಯ ಮಾತಷ್ಟೇ ಆಡಲಿ, ಇತಿಹಾಸವನ್ನು ತೆಗೆದರೆ ಕಹಿಯನ್ನೂ ಸೇರಿಸಿ ಹೇಳಲಿ. ಅರ್ಧ ಇತಿಹಾಸವನ್ನು ಕತ್ತರಿಸಿ ರಿಯಾಯಿತಿಯ ಮೇಲೆ ಅಂಟಿಸುವುದು ಬೇಡ.

ಇಷ್ಟು ಸಿಟ್ಟಿಗೆ ಇನ್ನೊಂದು ಕಾರಣವಿದೆ, ಈವರೆಗೆ ಯಾರಿಗೂ ಹೇಳಿಲ್ಲ. ಆರನೇ ಇಯತ್ತೆಯಲ್ಲಿ ನಮ್ಮ ಮಾಸ್ತರರು ಅಜ್ಜನ ಬಗ್ಗೆ ಕೇಳಿದಾಗ, ಇಡೀ ತರಗತಿಯ ಮುಂದೆ ಎದ್ದು ನಿಂತು, "ನಮ್ಮ ಅಜ್ಜ ಇಟಲ್ಯಾಗ ಜೀಪ್ ಹೊಡೀತಿದ್ರಿ" ಎಂದು ಹೇಳಿದ್ದೆ. ಹೇಸರಗತ್ತೆಯ ಮಾತು ಹೇಳಲು ನಾಚಿಕೆಯಾಗಿತ್ತು. ಸಂಜೆ ಅದು ಅಜ್ಜನ ಕಿವಿಗೂ ಬಿತ್ತು. ಅವರು ಬೈಯಲಿಲ್ಲ, ಕಟ್ಟೆಯ ಮೇಲೆ ನನ್ನನ್ನು ಹತ್ತಿರ ಕೂಡಿಸಿಕೊಂಡು ತಮ್ಮ ಎಡಗೈಯನ್ನು ಬಿಚ್ಚಿ ತೋರಿಸಿದರು. ಹಗ್ಗ ಜಗ್ಗಿ ಜಗ್ಗಿ ಅಂಗೈಗೆ ಅಡ್ಡಲಾಗಿ ಬಿದ್ದ ಬರೆ ಮೂವತ್ತು ವರ್ಷವಾದರೂ ಮಾಸಿರಲಿಲ್ಲ. ಇಂದು ಆ ಬ್ಯಾನರಿನಲ್ಲಿ ಕಂಡದ್ದು ನಾನು ಹೇಳಿದ ಅದೇ ಸುಳ್ಳು.

ಬ್ಯಾನರ್ ಇಳಿಸಿರೆಂದು ಬರೆದುಕೊಟ್ಟು ಬಂದಿದ್ದೇನೆ. ಮಾಲೀಕರು ಸೋಮವಾರ ಬರುತ್ತಾರಂತೆ. ಅಜ್ಜನ ಡಿಸ್ಚಾರ್ಜ್ ಪುಸ್ತಕವನ್ನು ಟ್ರಂಕಿನಿಂದ ತೆಗೆದಿಟ್ಟಿದ್ದೇನೆ, ಅದನ್ನು ತೆಗೆದುಕೊಂಡು ಹೋಗಿ ಅವರ ಮುಂದೆಯೇ ಮಾತಾಡುತ್ತೇನೆ. ಬರುವವರಿದ್ದರೆ ಹತ್ತು ಗಂಟೆಗೆ ಬನ್ನಿ.