ತಪ್ಪಿದ ಗಂಡಾಂತರಗಳ ಲೆಕ್ಕ ಯಾರಿಡುತ್ತಾರೆ?

ಶಿರಾಡಿ ಘಾಟಿ ಇಳಿದು ಬಂದ ಲಾರಿ ಚಾಲಕರು ಗುಂಡ್ಯದಲ್ಲಿ ಚಹಾ ಕುಡಿಯುತ್ತ "ಇವತ್ತು ಸ್ವಲ್ಪದರಲ್ಲಿ ಬಚಾವಾದೆ" ಎಂದು ಹೇಳಿಕೊಳ್ಳುವುದನ್ನು ನಾನು ವರ್ಷಗಟ್ಟಲೆ ಕೇಳಿದ್ದೇನೆ, ನಾನೂ ಹೇಳಿದ್ದೇನೆ. ಆ ಮಾತು ಚಹಾದ ಲೋಟದ ಜೊತೆಗೇ ಮುಗಿದುಹೋಗುತ್ತದೆ. ಊರಿಗೆ ಹೋದಾಗ ದೇವರ ಮುಂದೆ ಒಂದು ಕಾಯಿ ಒಡೆಸುತ್ತೇವೆ, ಮತ್ತೆ ಬೇರೆ ಲೋಡ್ ಹೇರಿಕೊಂಡು ಹೊರಡುತ್ತೇವೆ. ಅಪಘಾತವೇ ಆಗಿಬಿಟ್ಟರೆ ಪೊಲೀಸರು ಬರುತ್ತಾರೆ, ಮಹಜರು ನಡೆಯುತ್ತದೆ, ಆರ್‌ಟಿಒ ಕಚೇರಿಯ ಇನ್‌ಸ್ಪೆಕ್ಟರು ಬ್ರೇಕ್ ನೋಡಿ ವರದಿ ಬರೆಯುತ್ತಾರೆ, ವಿಮಾ ಕಂಪನಿಯವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾರೆ. ಅದೇ ಅಪಘಾತ ಕೂದಲೆಳೆಯಲ್ಲಿ ತಪ್ಪಿದರೆ ಒಬ್ಬರೂ ಏನೂ ಕೇಳುವುದಿಲ್ಲ. ಆಕಾಶದಲ್ಲಿ ಎರಡು ವಿಮಾನಗಳು ಇರಬೇಕಾದ್ದಕ್ಕಿಂತ ಹತ್ತಿರ ಬಂದರೆ, ಯಾರಿಗೂ ಗಾಯವಾಗದಿದ್ದರೂ ತನಿಖೆ ನಡೆಯುತ್ತದೆ. ರಸ್ತೆಯ ಮೇಲೆ ಮಾತ್ರ ತಪ್ಪಿದ ಗಂಡಾಂತರವನ್ನು ಅದೃಷ್ಟದ ಖಾತೆಗೆ ಬರೆದು ಪುಟ ತಿರುಗಿಸುತ್ತೇವೆ. ಈ ಅಭ್ಯಾಸ ನಮ್ಮ ಕಸುಬಿನಲ್ಲಿ ಜೀವ ತೆಗೆಯುತ್ತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಅಂಥ ಪ್ರತಿಯೊಂದು ಗಳಿಗೆಯ ಹಿಂದೆ ಗಂಟೆಗಳ ಮೊದಲೇ, ಕೆಲವೊಮ್ಮೆ ವಾರಗಳ ಮೊದಲೇ, ಬೇರೆ ಎಲ್ಲೋ ಯಾರೋ ಮಾಡಿದ ಕೆಲಸವಿರುತ್ತದೆ.

ನನ್ನ ಅನುಭವದ ಒಂದು ಘಟನೆಯನ್ನೇ ಹೇಳುತ್ತೇನೆ. ಹತ್ತು ಚಕ್ರದ ಲಾರಿಯಲ್ಲಿ ಮೆಕ್ಕೆಜೋಳ ತುಂಬಿಕೊಂಡು ಮಂಗಳೂರಿಗೆ ಹೊರಟಿದ್ದೆ. ಸಕಲೇಶಪುರ ದಾಟಿ, ದೋಣಿಗಾಲ್ ಕಳೆದು, ಮಾರನಹಳ್ಳಿಯಿಂದ ಕೆಳಗೆ ಇಳಿಯುವಾಗ ಬ್ರೇಕ್ ಲೈನರ್ (ಚಕ್ರದ ಜೊತೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಪಟ್ಟಿ) ಸುಟ್ಟ ವಾಸನೆ ಕ್ಯಾಬಿನ್ನಿನೊಳಗೆ ಬಂತು. ಆ ವಾಸನೆಯನ್ನು ಒಮ್ಮೆ ಕುಡಿದ ಮೂಗು ಮರೆಯುವುದಿಲ್ಲ. ಪೆಡಲ್ ಎಂದಿನಂತೆಯೇ ಒಳಗೆ ಹೋಗುತ್ತಿತ್ತು, ಬ್ರೇಕಿಗೆ ಬೇಕಾದ ಗಾಳಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಸರಿಯಾದ ಜಾಗದಲ್ಲೇ ಇತ್ತು, ಆದರೆ ಲಾರಿ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಕೆಳಗಿನ ಗೇರಿನಲ್ಲೇ ಇಳಿಯುತ್ತಿದ್ದುದರಿಂದ ವೇಗ ಇನ್ನೂ ಕೈಮೀರಿರಲಿಲ್ಲ. ಇಂಜಿನ್ನಿನ ಹೊಗೆಯ ದಾರಿ ಅಡ್ಡಗಟ್ಟಿ ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಒತ್ತಿಹಿಡಿದು, ಎಡಗಡೆಯ ಚಕ್ರಗಳನ್ನು ಗುಡ್ಡದ ಬದಿಯ ಚರಂಡಿಗೆ ಇಳಿಸಿ, ಲಾರಿಯ ಮೈಯನ್ನು ಮಣ್ಣಿನ ಬರೆಗೆ ಉಜ್ಜುತ್ತ ನಿಲ್ಲಿಸಿದೆ. ಮುಂದಿನ ತಿರುವಿನಲ್ಲಿ ಮಕ್ಕಳಿದ್ದ ಒಂದು ಮಿನಿಬಸ್ಸು ನಿಂತಿತ್ತು.

ಡ್ರಮ್ಮುಗಳು ಆರಿದ ಮೇಲೆ ಕ್ಲೀನರ್ ಹುಡುಗನೂ ನಾನೂ ಲಾರಿಯ ಕೆಳಗೆ ತೂರಿ ನೋಡಿದೆವು. ಹಿಂದಿನ ಎರಡು ಆಕ್ಸಲ್‌ಗಳಲ್ಲಿ ಒಂದು ಬದಿಯ ಡ್ರಮ್ಮುಗಳು ನೀಲಿ ಬಣ್ಣಕ್ಕೆ ತಿರುಗಿದ್ದವು, ಇನ್ನೊಂದು ಬದಿಯವು ಕೈಯಿಟ್ಟರೆ ಬರೀ ಬೆಚ್ಚಗಿದ್ದವು. ಹೊಸ ಲೈನರ್ ಹಾಕಿದ್ದ ಗ್ಯಾರೇಜಿನವರು ಲೈನರಿಗೂ ಡ್ರಮ್ಮಿಗೂ ನಡುವಿನ ಅಂತರ ಹೊಂದಿಸುವ ಅಡ್ಜಸ್ಟರನ್ನು ಒಂದೇ ಬದಿಯಲ್ಲಿ ಬಿಗಿ ಮಾಡಿ, ಇನ್ನೊಂದನ್ನು ಹಾಗೆಯೇ ಬಿಟ್ಟಿದ್ದರು. ಲೋಡ್ ಮಾಡಿಸಿದವರು ಕೊಟ್ಟ ಚೀಟಿಯಲ್ಲಿದ್ದ ತೂಕಕ್ಕೂ ಮಂಗಳೂರಿನ ವೇಬ್ರಿಡ್ಜಿನಲ್ಲಿ ಬಂದ ತೂಕಕ್ಕೂ ಟನ್ನುಗಟ್ಟಲೆ ವ್ಯತ್ಯಾಸವಿತ್ತು. ಮಾಲೀಕರಿಗೆ ಎರಡನ್ನೂ ಹೇಳಿದೆ. "ಏನೂ ಆಗಲಿಲ್ಲವಲ್ಲ, ಬಿಡಪ್ಪ" ಎಂದರು. ನನಗೆ ಇಂದಿಗೂ ನೋವು ಕೊಡುವುದು ಆ ಉತ್ತರ. ಏನಾದರೂ ಆಗಿದ್ದರೆ ಎಫ್‌ಐಆರ್‌ನಲ್ಲಿ 'ಚಾಲಕನ ಅತಿವೇಗ ಮತ್ತು ಅಜಾಗರೂಕತೆ' ಎಂಬ ಸಿದ್ಧ ಸಾಲು ಇರುತ್ತಿತ್ತು, ಅಡ್ಜಸ್ಟರಿನ ವಿಷಯವನ್ನು ಯಾರೂ ಕೇಳುತ್ತಿರಲಿಲ್ಲ.

ಘಾಟಿಯಲ್ಲಿ ಬ್ರೇಕಿನ ಮೇಲೆ ಬೀಳುವ ಹೊರೆ ಎಷ್ಟೆಂಬುದು ಕಾರು ಓಡಿಸುವವರಿಗೆ ಸುಲಭವಾಗಿ ಅಂದಾಜಾಗುವುದಿಲ್ಲ. ಹತ್ತು ಚಕ್ರದ ಲಾರಿಗೆ 2018ರಿಂದ ಲೋಡ್ ಸೇರಿ 28.5 ಟನ್ ತೂಕಕ್ಕೆ ಅನುಮತಿಯಿದೆ, ಅದಕ್ಕೂ ಮೊದಲು 25 ಟನ್ ಇತ್ತು. ಆ ತೂಕ ಸಕಲೇಶಪುರದ ಎತ್ತರದಿಂದ ಗುಂಡ್ಯದ ಮಟ್ಟಕ್ಕೆ, ಅಂದರೆ ಸುಮಾರು 800 ಮೀಟರ್ ಕೆಳಕ್ಕೆ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯನ್ನೆಲ್ಲ ಶಾಖವಾಗಿ ಹಿಡಿದಿಟ್ಟರೆ ಏಳುನೂರು ಲೀಟರಿಗೂ ಹೆಚ್ಚು ನೀರನ್ನು ಕುದಿಸಬಹುದು. ಟೈರಿನ ಉಜ್ಜಾಟ ಮತ್ತು ಎದುರುಗಾಳಿ ಅದರಲ್ಲಿ ಒಂದು ಪಾಲನ್ನು ನುಂಗುತ್ತವೆ, ಉಳಿದದ್ದನ್ನು ಇಂಜಿನ್ ತಡೆಯಬೇಕು ಇಲ್ಲವೇ ಆರು ಡ್ರಮ್ಮುಗಳು ತಡೆಯಬೇಕು. ಎಲ್ಲವನ್ನೂ ಡ್ರಮ್ಮಿನ ಮೇಲೆ ಹಾಕಿದರೆ ಅದು ಕಾದು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಲೈನರ್ ತಾನೂ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಗಾಬರಿಯಾಗಿ ಪೆಡಲನ್ನು ಮತ್ತೆ ಮತ್ತೆ ತುಳಿದರೆ ಟ್ಯಾಂಕಿನ ಗಾಳಿಯೂ ಖಾಲಿಯಾಗುತ್ತ ಹೋಗುತ್ತದೆ. 'ಬ್ರೇಕ್ ಫೇಲ್' ಎಂದು ಪತ್ರಿಕೆಗಳಲ್ಲಿ ಬರುವ ಎಷ್ಟೋ ಪ್ರಸಂಗಗಳಲ್ಲಿ ಯಾವ ಪೈಪೂ ಒಡೆದಿರುವುದಿಲ್ಲ, ಯಾವ ಬೋಲ್ಟೂ ಮುರಿದಿರುವುದಿಲ್ಲ, ಬ್ರೇಕ್ ಕಾದು ಸೋತಿರುತ್ತದೆ.

ನನಗೆ ಕಸುಬು ಕಲಿಸಿದ ಹಿರಿಯರು "ನೋಡಪ್ಪ, ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿಸು" ಎನ್ನುತ್ತಿದ್ದರು. ಕೆಳಗಿನ ಗೇರಿನಲ್ಲಿದ್ದರೆ ಇಂಜಿನ್ನೇ ಲಾರಿಯನ್ನು ತಡೆದು ಹಿಡಿಯುತ್ತದೆ. ಈಗಿನ ಹೊಸ ಲಾರಿಗಳು ಹೆಚ್ಚು ಶಕ್ತಿಯವು, ಮೇಲಿನ ಗೇರಿನಲ್ಲೇ ಘಾಟಿ ಹತ್ತಿಬಿಡುತ್ತವೆ. ಆದ್ದರಿಂದ ಇಳಿಯುವಾಗ ಹತ್ತಿದ್ದಕ್ಕಿಂತ ಒಂದು ಗೇರು ಕೆಳಗೇ ಇರಲಿ ಎಂದು ನಾನು ಹುಡುಗರಿಗೆ ಹೇಳುತ್ತೇನೆ. ಅದನ್ನೂ ಇಳಿಜಾರು ಶುರುವಾಗುವ ಮೊದಲೇ ಹಾಕಿಕೊಳ್ಳಬೇಕು, ವೇಗ ಏರಿದ ಮೇಲೆ ಕೆಳಗಿನ ಗೇರು ಬೀಳುವುದಿಲ್ಲ, ಲಾರಿ ನ್ಯೂಟ್ರಲ್‌ನಲ್ಲೇ ಉಳಿದುಬಿಡುತ್ತದೆ.

ನ್ಯೂಟ್ರಲ್ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ. ಡೀಸೆಲ್ ಉಳಿಯುತ್ತದೆ ಎಂದು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ತಳ್ಳುವ ಚಾಳಿ ಇನ್ನೂ ಹೋಗಿಲ್ಲ. ಮುಂಬೈ–ಬೆಂಗಳೂರು ಹೆದ್ದಾರಿಯಲ್ಲಿ ಪುಣೆ ದಾಟುವ ನಮ್ಮವರಿಗೆಲ್ಲ ಕಾತ್ರಜ್ ಕಡೆಯಿಂದ ನವಲೆ ಸೇತುವೆಗೆ ಇಳಿಯುವ ರಸ್ತೆ ಗೊತ್ತು. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದು ಲಾರಿ ಹತ್ತಾರು ವಾಹನಗಳಿಗೆ ಗುದ್ದಿದಾಗ, ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟದ್ದೇ ಕಾರಣವೆಂದು ಪೊಲೀಸರು ಹೇಳಿದ್ದರು. ಇದರಲ್ಲಿ ಡೀಸೆಲ್ಲಿನ ಲೆಕ್ಕವೂ ತಪ್ಪು. ಡೀಸೆಲ್ಲನ್ನು ಕಂಪ್ಯೂಟರೇ ಅಳೆದು ಬಿಡುವ ಈಗಿನ ಕಾಮನ್ ರೈಲ್ ಇಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ಪೂರೈಕೆಯೇ ನಿಲ್ಲುತ್ತದೆ, ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ನಿಲ್ಲದಿರಲು ಡೀಸೆಲ್ ಕುಡಿಯುತ್ತಲೇ ಇರಬೇಕಾಗುತ್ತದೆ. ಉಳಿತಾಯವೆಂದು ಮಾಡುವುದು ನಷ್ಟದ ಕೆಲಸ, ಜೊತೆಗೆ ಜೀವದ ಹಂಗೂ ಇಲ್ಲ. ಮೈಲೇಜ್ ಬರಲಿಲ್ಲವೆಂದು ಚಾಲಕನ ಸಂಬಳದಲ್ಲಿ ಹಣ ಮುರಿಯುವ ಮಾಲೀಕರು ಮೊದಲು ಇದನ್ನು ತಿಳಿದುಕೊಳ್ಳಬೇಕು.

ಇನ್ನು ನಿದ್ದೆಯ ಮಾತು. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆಯ ಕೆಲಸಕ್ಕೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಅಷ್ಟು ಹಳೆಯ ಮಾತನ್ನು ಪಾಲಿಸಿದ ಟ್ರಾನ್ಸ್‌ಪೋರ್ಟ್ ಆಫೀಸನ್ನು ನಾನು ಕಂಡದ್ದು ಬಹಳ ಕಡಿಮೆ. ಲೋಡಿಂಗ್‌ಗೆ ಹಗಲಿಡೀ ಕಾಯಿಸಿ, ಸಂಜೆ ಬಿಲ್ಟಿ (ಮಾಲು ಸಾಗಣೆಯ ರಸೀದಿ) ಕೊಟ್ಟು, ಬೆಳಗಾಗುವುದರೊಳಗೆ ಮಾಲು ಮುಟ್ಟಬೇಕು ಎನ್ನುವುದೇ ವಾಡಿಕೆ. ಕಾದ ಹೊತ್ತನ್ನು ವಿಶ್ರಾಂತಿ ಎಂದು ಲೆಕ್ಕ ಹಾಕುತ್ತಾರೆ. ಸುಡುಬಿಸಿಲಿನಲ್ಲಿ, ಇಂಜಿನ್ನಿನ ಕಾವು ತುಂಬಿದ ಕ್ಯಾಬಿನ್ನಿನಲ್ಲಿ, ಯಾವಾಗ ಸರದಿ ಕೂಗುತ್ತಾರೋ ಎಂದು ಕಿವಿ ತೆರೆದುಕೊಂಡು ಮಲಗುವುದು ನಿದ್ದೆಯಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾದದ್ದು ಒಳ್ಳೆಯದೇ ಆಯಿತು, ಆದರೆ ರಸ್ತೆಯಲ್ಲಿರುವ ಹಳೆಯ ಲಾರಿಗಳು ಇನ್ನೂ ಎಷ್ಟೋ ವರ್ಷ ಓಡುತ್ತವೆ.

ಹಿರಿಯೂರಿನಿಂದ ಚಿತ್ರದುರ್ಗದ ಕಡೆಗೆ ಹೋಗುವ ನೇರ ರಸ್ತೆಯಲ್ಲಿ, ನಸುಕಿಗೆ ಮುಂಚಿನ ಹೊತ್ತಿನಲ್ಲಿ, ಆಕ್ಸಲ್ ಮುರಿದು ಎಡ ಲೇನಿನಲ್ಲೇ ನಿಂತಿದ್ದ ಲಾರಿಯೊಂದು ಒಮ್ಮೆ ನನ್ನ ಹೆಡ್‌ಲೈಟಿನ ಬೆಳಕಿಗೆ ತೀರ ಹತ್ತಿರದಲ್ಲಿ ಕಾಣಿಸಿತು. ಅದಕ್ಕೆ ಹಿಂದಿನ ಕೆಂಪು ದೀಪವಿರಲಿಲ್ಲ, ಪ್ರತಿಫಲಕ ಪಟ್ಟಿಯ ಮೇಲೆ ಕೆಸರು ಮೆತ್ತಿತ್ತು. ಎಚ್ಚರಿಕೆಯ ತ್ರಿಕೋನದ ಬದಲು ನಾಲ್ಕು ಕಲ್ಲು, ಒಂದು ಬೇವಿನ ಕೊಂಬೆ, ಅವೂ ಲಾರಿಯಿಂದ ನಾಲ್ಕೇ ಹೆಜ್ಜೆ ಹಿಂದೆ. ಬಲಗಡೆ ಯಾವ ವಾಹನವೂ ಇಲ್ಲವೆಂದು ಕನ್ನಡಿಯಲ್ಲಿ ಆಗಷ್ಟೇ ನೋಡಿದ್ದರಿಂದ ಲಾರಿಯನ್ನು ಬಲಕ್ಕೆ ಎಳೆದು ದಾಟಿಸಲು ಸಾಧ್ಯವಾಯಿತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಲಾರಿ ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ಓಡುತ್ತದೆ. ಮೂರು ಸೆಕೆಂಡು ರೆಪ್ಪೆ ಅಂಟಿಕೊಂಡಿದ್ದರೆ ಐವತ್ತು ಮೀಟರ್ ಕುರುಡಾಗಿ ಸಾಗಿರುತ್ತಿತ್ತು. ಮುಂದೆ ಹೋಗಿ ನಿಲ್ಲಿಸಿ, ಟಾರ್ಚ್ ಹಿಡಿದು ಬಂದು, ಆ ಲಾರಿಯ ಹುಡುಗನೊಂದಿಗೆ ಕಲ್ಲು ಕೊಂಬೆಗಳನ್ನು ನೂರು ಹೆಜ್ಜೆ ಹಿಂದಕ್ಕೆ ಸಾಗಿಸಿದೆ. ರಿಪೇರಿಯಾದ ಮೇಲೆ ಆ ಕಲ್ಲುಗಳನ್ನು ಎತ್ತಿ ಪಕ್ಕಕ್ಕೆ ಹಾಕದೆ ಹೊರಟುಬಿಟ್ಟರೆ ಹಿಂದೆ ಬರುವ ಬೈಕಿನವನ ಗತಿಯೇನು ಎಂದೂ ಹೇಳಿಬಂದೆ. ತ್ರಿಕೋನ ತೆಗೆದುಕೊಡಿ ಎಂದು ಮಾಲೀಕರನ್ನು ಕೇಳಿ ಕೇಳಿ ಸಾಕಾಗಿದೆ ಎಂದು ಆ ಹುಡುಗ ಹೇಳಿದ.

ಲೋಡಿನ ಮೇಲೆ ಜನ ಕೂರಿಸುವ ವಿಷಯದಲ್ಲಿ ವಾದಕ್ಕೇ ಜಾಗವಿಲ್ಲ. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಉರುಳಿ, ಮಾಲಿನ ಜೊತೆಗೆ ಪ್ರಯಾಣಿಸುತ್ತಿದ್ದ ಬಡ ವ್ಯಾಪಾರಿಗಳಲ್ಲಿ ಕನಿಷ್ಠ ಹತ್ತು ಮಂದಿ ಸತ್ತರು. ಅವರಿಗೆ ಆ ಹೊತ್ತಿನಲ್ಲಿ ಬೇರೆ ಬಸ್ಸು ಇತ್ತೇ, ಮಾಲಿನ ಜೊತೆ ಹೋಗದೆ ವ್ಯಾಪಾರ ನಡೆಯುತ್ತಿತ್ತೇ ಎಂಬ ಪ್ರಶ್ನೆಗಳನ್ನು ಕೇಳದೆ ಚಾಲಕನೊಬ್ಬನನ್ನು ಬೈದು ಸುಮ್ಮನಾಗುವುದು ನನಗೆ ನ್ಯಾಯವೆನಿಸುವುದಿಲ್ಲ.

ಹೆಚ್ಚು ಲೋಡಿಗೆ ಇಪ್ಪತ್ತು ಸಾವಿರ ರೂಪಾಯಿ, ಅದರ ಮೇಲೆ ಪ್ರತಿ ಟನ್ನಿಗೆ ಎರಡು ಸಾವಿರ ದಂಡ ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ದಂಡದ ಚೀಟಿ ಬರುವುದು ಲಾರಿ ರಸ್ತೆಗೆ ಬಂದ ಮೇಲೆ. ಅದಕ್ಕೂ ಮೊದಲಿನ ಕೆಲಸ ನಮ್ಮ ಕೈಯಲ್ಲೇ ಇದೆ. ಪ್ರತಿ ಲಾರಿಯ ಕ್ಯಾಬಿನ್ನಿನಲ್ಲಿ ಒಂದು ನೋಟ್‌ಬುಕ್ ಇರಲಿ. ಗಂಡಾಂತರ ತಪ್ಪಿದ ದಿನ ಯಾವ ಜಾಗ, ಯಾವ ಹೊತ್ತು, ಎಷ್ಟು ತೂಕ, ಕೊನೆಯ ಬಾರಿ ಬ್ರೇಕ್ ಮುಟ್ಟಿದವರು ಯಾರು, ಚಾಲಕ ಮಲಗಿ ಎಷ್ಟು ಗಂಟೆಯಾಗಿತ್ತು ಎಂದು ಬರೆಯಲಿ, ಬರೆದವನ ಸಂಬಳ ಮುರಿಯುವುದಿಲ್ಲವೆಂದು ಮಾಲೀಕರು ಮಾತು ಕೊಡಲಿ. ಲಾರಿ ಮಾಲೀಕರ ಸಂಘಗಳು ತಿಂಗಳಿಗೊಮ್ಮೆ ಆ ಪುಟಗಳನ್ನು ಚಾಲಕರ ಎದುರಿನಲ್ಲೇ ಓದಿಸಲಿ. ಶಿರಾಡಿ ಇಳಿಯುವ ಮೊದಲು, ಸಕಲೇಶಪುರ ದಾಟಿದ ಕೂಡಲೇ, ಭಾರಿ ಲಾರಿಗಳು ನಿಂತು ಬ್ರೇಕಿನ ಬಿಸಿ ಮುಟ್ಟಿ ನೋಡಿ, ಅಡ್ಜಸ್ಟರ್ ಪರೀಕ್ಷಿಸಿಕೊಳ್ಳಲು ಅಗಲವಾದ, ದೀಪವಿರುವ ಒಂದು ಜಾಗವನ್ನು ಹೆದ್ದಾರಿಯವರು ಮಾಡಿಕೊಡಲಿ. ಈ ಪೋಸ್ಟ್ ಓದುವ ಚಾಲಕ ಮಿತ್ರರು ಕೆಳಗೆ ತಮ್ಮ ಅನುಭವ ಬರೆಯಿರಿ. ಗ್ಯಾರೇಜಿನ ಹೆಸರು, ಮಾಲೀಕರ ಹೆಸರು ಬೇಡ. ಜಾಗ, ಗೇರು, ತೂಕ, ಹೊತ್ತು, ಇಷ್ಟಿದ್ದರೆ ಸಾಕು.