ಆರ್‌ಸಿ ಕಾರ್ಡಿನ ಸಾಲದ ಸಾಲು

ಸೆಪ್ಟೆಂಬರ್‌ನ ಒಂದು ಸಂಜೆ ತೀರ್ಥಹಳ್ಳಿಯಿಂದ ಭಾವ ಫೋನ್ ಮಾಡಿದರು. ಅತ್ತೆಯನ್ನು ಶಿವಮೊಗ್ಗದ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿದ್ದವರನ್ನು ಮಂಡಗದ್ದೆ ಹತ್ತಿರ ಬೈಕಿನಲ್ಲಿ ಬಂದ ಇಬ್ಬರು ಅಡ್ಡ ಹಾಕಿದರಂತೆ. ಏಳು ಕಂತು ಬಾಕಿ ಎಂದು ಕಾಗದ ತೋರಿಸಿ, ಕೀಲಿ ಇಸಿದುಕೊಂಡು ಕಾರು ತಗೊಂಡು ಹೋದರಂತೆ. ಸುರಿಯುವ ಮಳೆಯಲ್ಲಿ ಎಪ್ಪತ್ತು ದಾಟಿದ ಮುದುಕಿಯನ್ನು ನಿಲ್ಲಿಸಿಕೊಂಡು ಭಾವ ಬಸ್ಸಿಗೆ ಕೈ ಒಡ್ಡಿದ್ದರು.

“ಕಂತು ಕಟ್ಟಬೇಕಾದೋನು ನಾನಲ್ಲ ಮಾರಾಯ. ನಾನು ಪೂರ್ತಿ ದುಡ್ಡು ಕೊಟ್ಟೇ ತಗಂಡಿದ್ದು.”

ನಿಜ. ಫೆಬ್ರವರಿಯಲ್ಲಿ ರಾಶಿ ಇಡಿ ಅಡಿಕೆ ಮಾರಿದ ದುಡ್ಡಲ್ಲಿ 3 ಲಕ್ಷದ 20 ಸಾವಿರ ಎಣಿಸಿ ಕೊಟ್ಟಿದ್ದರು. ಮಾರಿದವರು ಪಕ್ಕದೂರಿನವರೇ. ಮದುವೆಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಂಡವರು. ‘ಲೋನ್ ತೀರ್ಸಾಗಿದೆ, ಎನ್‌ಓಸಿ ಬರೋದೊಂದು ಬಾಕಿ’ ಅಂದಿದ್ದರು. ಸಾಲ ತೀರಿದೆ, ತಕರಾರಿಲ್ಲ ಎಂದು ಸಾಲ ಕೊಟ್ಟವರು ಬರೆದುಕೊಡುವ ಪತ್ರ ಅದು. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಭಾವ ಬೀರುವಿನಲ್ಲಿಟ್ಟಿದ್ದರು. ಆರ್‌ಸಿ ತೆಗೆದು ನೋಡಿ ಅಂದೆ. ಸಾಲ ಕೊಟ್ಟವರ ಹೆಸರು ಅದರಲ್ಲೇ ಅಚ್ಚಾಗಿತ್ತು.

ನಾನು ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಲೆಸ್ಟರಿನಲ್ಲಿದ್ದೇನೆ. ಇಲ್ಲಿ ನಾನು ಕೊಂಡ ಮೊದಲ ಹಳೇ ಕಾರಿನ ಮೇಲೂ ಸಾಲವಿತ್ತು. ಆದರೆ ಇಲ್ಲಿನ ಸರ್ಕಾರಿ ಕಾಗದ ಅದನ್ನು ಹೇಳುವುದೇ ಇಲ್ಲ. ನಮ್ಮ ಆರ್‌ಸಿಯ ಹಾಗಿರುವ ‘ವಿ5ಸಿ’ಯಲ್ಲಿ ಇರುವುದು ಕಾರು ಇಟ್ಟುಕೊಂಡವರ ಹೆಸರು ಮಾತ್ರ, ಇದು ಒಡೆತನಕ್ಕೆ ಪುರಾವೆ ಅಲ್ಲ ಎಂದು ಆ ಕಾಗದವೇ ಹೇಳುತ್ತದೆ. ಹೈರ್ ಪರ್ಚೇಸ್ ಎಂಬ ಕಂತಿನ ಖರೀದಿಯಲ್ಲಿ ಕೊನೆಯ ಕಂತು ಮುಗಿಯುವವರೆಗೆ ಕಾರು ಸಾಲ ಕೊಟ್ಟ ಕಂಪನಿಯದ್ದು. ತೆರಿಗೆ, ಫಿಟ್‌ನೆಸ್ ಪರೀಕ್ಷೆಯ ವಿವರ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಸಾಲದ್ದು ಸಿಗುವುದಿಲ್ಲ. ಅದಕ್ಕೆ ಖಾಸಗಿಯವರಿಗೆ ದುಡ್ಡು ಕೊಟ್ಟು ‘ಎಚ್‌ಪಿಐ ಚೆಕ್’ ಮಾಡಿಸಬೇಕು. 1938ರಿಂದ ಇರುವ ಸಂಸ್ಥೆ ಅದು.

ನಾನು ಮಾಡಿಸಿದೆ, ಸಾಲ ಬಾಕಿ ಎಂದು ಬಂತು. ಮಾರುವವರಿಗೆ ಹೇಳಿದೆ. ಅವರ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ನನ್ನೆದುರಿಗೇ ಸಾಲದ ಕಂಪನಿಗೆ ಫೋನ್ ಮಾಡಿ ಬಾಕಿ ಎಷ್ಟೆಂದು ಕೇಳಿದರು. ಅಷ್ಟನ್ನು ನಾನು ನೇರ ಕಂಪನಿಗೆ ಕಟ್ಟಿದೆ, ಉಳಿದದ್ದು ಅವರ ಕೈಗೆ. ನಲವತ್ತು ನಿಮಿಷದಲ್ಲಿ ಮುಗಿಯಿತು.

ಇದನ್ನು ಹೇಳಿದಾಗ ‘ನಿಮ್ಮ ಇಂಗ್ಲೆಂಡ್ ಬೇರೆ ಬಿಡು’ ಅಂದರು ಭಾವ. ವ್ಯವಸ್ಥೆಯ ಮಟ್ಟಿಗೆ ನನ್ನ ಅನಿಸಿಕೆ ಪೂರ್ತಿ ತಿರುಗುಮುರುಗು: ನಮ್ಮದೇ ಚೆನ್ನಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್ ಪ್ರಕಾರ ಸಾಲ ಕೊಟ್ಟವರ ಹೆಸರು ಆರ್‌ಸಿಯಲ್ಲೇ ದಾಖಲಾಗುತ್ತದೆ. ಅವರು ಬರೆದುಕೊಡದೆ ಕಾರು ಇನ್ನೊಬ್ಬರ ಹೆಸರಿಗೆ ಹೋಗುವಂತಿಲ್ಲ. ಕಾರ್ಡು ತಿರುಗಿಸಿ ನೋಡಿದರೆ ಸಾಕು, ಯಾರಿಗೂ ದುಡ್ಡು ಕೊಡಬೇಕಿಲ್ಲ.

ಹಾಗೆ ಬರೆದಿರುವುದರಿಂದಲೇ ಇನ್ನೊಂದು ಕಷ್ಟ. ಇಂಗ್ಲೆಂಡಿನ 1964ರ ಹೈರ್ ಪರ್ಚೇಸ್ ಕಾಯ್ದೆ, ಸಾಲದ ವಿಷಯ ತಿಳಿಯದೆ ಪ್ರಾಮಾಣಿಕವಾಗಿ ಕೊಂಡ ಸಾಮಾನ್ಯ ಗ್ರಾಹಕನಿಗೇ ಕಾರು ಉಳಿಸಿಕೊಡುತ್ತದೆ. ಕಾರು ವ್ಯಾಪಾರಿಗಳಿಗೆ ಆ ರಕ್ಷಣೆ ಇಲ್ಲ. ನಮ್ಮಲ್ಲಿ ‘ಗೊತ್ತಿರಲಿಲ್ಲ’ ಅನ್ನಲು ಬಾಯಿಯೇ ಇಲ್ಲ, ಕೈಯಲ್ಲಿರುವ ಕಾರ್ಡೇ ಹೇಳುತ್ತಿರುತ್ತದೆ. ದಾರಿಯಲ್ಲಿ ಅಡ್ಡ ಹಾಕಿ ಕೀಲಿ ಕಿತ್ತುಕೊಂಡದ್ದನ್ನು ನಾನು ಒಪ್ಪುವುದಿಲ್ಲ. ವಸೂಲಿಗೆ ಬಲಪ್ರಯೋಗ ಕೂಡದೆಂದು ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಆ ಕಾರಿನ ಮೇಲೆ ಸಾಲ ಕೊಟ್ಟವರಿಗೆ ಹಕ್ಕಿತ್ತು ಅನ್ನುವುದೂ ಸುಳ್ಳಲ್ಲ.

ನಾವು ಎಡವಿದ್ದು ಕೇಳುವ ಜಾಗದಲ್ಲಿ. ಮಲೆನಾಡಿನಲ್ಲಿ ಗುರ್ತಿನವರ ಹತ್ತಿರ ಕಾಗದ ಕೇಳುವುದೆಂದರೆ ಅವರ ಮಾತನ್ನು ನಂಬಲಿಲ್ಲ ಎಂದ ಹಾಗೆ. ಈ ಮರ್ಯಾದೆಯಲ್ಲೇ ನಾನೂ ಬೆಳೆದದ್ದು, ಅದರ ಮೇಲೆ ನನಗೆ ಪ್ರೀತಿಯೂ ಇದೆ. ಮಂಡಿಯಲ್ಲಿ ಅಡಿಕೆ ಬಿಟ್ಟು ಬಂದು ವಾರದ ಮೇಲೆ ದುಡ್ಡು ತರುವುದು ಇದೇ ನಂಬಿಕೆಯ ಮೇಲೆ. ಆದರೆ ಸಾಲದ ಕಾರಿನಲ್ಲಿ ಮಾತು ಕೊಟ್ಟವನ ಜೊತೆಗೆ ಮೂರನೆಯವರೊಬ್ಬರಿದ್ದಾರೆ, ಅವರು ನಮ್ಮ ಪಂಕ್ತಿಯಲ್ಲಿ ಕೂತು ಉಂಡವರಲ್ಲ.

ಮಾರುವವರಿಗೂ ಇದು ಅರ್ಥವಾಗಬೇಕು. ಆರ್‌ಸಿ ಹಳೇ ಹೆಸರಿನಲ್ಲೇ ಇದ್ದು ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಬೀರುವಿನಲ್ಲಿಟ್ಟ 29, 30 ಆ ಹೊಣೆಯನ್ನು ದಾಟಿಸುವುದಿಲ್ಲ.

ಕೊಳ್ಳುವವರೂ ಮಾರುವವರೂ ಜೊತೆಯಾಗಿ ಬ್ಯಾಂಕಿಗೋ ಸೊಸೈಟಿಗೋ ಹೋಗಿ ಇವತ್ತಿಗೆ ಎಷ್ಟು ಕಟ್ಟಿದರೆ ಸಾಲ ಮುಗಿಯುತ್ತದೆ ಎಂದು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಅಷ್ಟನ್ನು ಕೊಳ್ಳುವವರು ನೇರ ಆ ಸಾಲದ ಖಾತೆಗೇ ಕಟ್ಟಬೇಕು. ಇನ್ನೊಂದು ಪ್ರಶ್ನೆ ಬಹಳ ಮುಖ್ಯ, ಯಾರೂ ಕೇಳುವುದಿಲ್ಲ: ಮಾರುವವರ ಹೆಸರಿನಲ್ಲಿ ಅಲ್ಲೇ ಬೇರೆ ಸಾಲ ಇದೆಯಾ, ಯಾರಿಗಾದರೂ ಜಾಮೀನು ನಿಂತಿದ್ದಾರಾ? ಇದ್ದರೆ ಕಾರಿನ ಸಾಲ ತೀರಿದರೂ ಎನ್‌ಓಸಿ ತಡೆಹಿಡಿಯುವುದುಂಟು. ಬೆಳೆಸಾಲ, ಪಂಪ್‌ಸೆಟ್ ಸಾಲ, ತಮ್ಮನಿಗೆ ಹಾಕಿದ ಜಾಮೀನು ಎಲ್ಲ ಒಂದೇ ಶಾಖೆಯಲ್ಲಿರುವ ನಮ್ಮ ಕಡೆ ಇದು ಸಣ್ಣ ಮಾತಲ್ಲ. ಎನ್‌ಓಸಿ ಮತ್ತು ಸಾಲದ ನಮೂದು ತೆಗೆಸಲು ಬೇಕಾದ, ಸಹಿಯಾದ ಫಾರಂ 35 ಕೈಗೆ ಬಂದ ಮೇಲೆ ಉಳಿದ ದುಡ್ಡು. ಅವನ್ನು ತಡ ಮಾಡದೆ ಆರ್‌ಟಿಓಗೆ ಕೊಟ್ಟು ಎಚ್‌ಪಿ, ಅಂದರೆ ಆರ್‌ಸಿಯಲ್ಲಿನ ಆ ನಮೂದು, ಕ್ಯಾನ್ಸಲ್ ಮಾಡಿಸಿ, ಹೆಸರು ಬದಲಾಯಿಸಿಕೊಳ್ಳಬೇಕು.

ಭಾವನ ಆ ದುಡ್ಡು ಇನ್ನೂ ಪೂರ್ತಿ ಬಂದಿಲ್ಲ. ಆದರೆ ಮನೆಗೆ ಕಾರು ಬೇಕೇ ಬೇಕು. ಸಂಜೆ ಆರರ ಮೇಲೆ ಅವರ ಮನೆಯ ದಾರಿಯಲ್ಲಿ ಬಸ್ಸಿಲ್ಲ. ಮೊನ್ನೆ ಸಾಗರದ ಒಂದು ಆಲ್ಟೋ ಆರ್‌ಸಿಯ ಫೋಟೋ ಕಳಿಸಿದ್ದರು, ಕೆಎ-15. ಅದರಲ್ಲೂ ಆ ಸಾಲು ಇದೆ.

“ಬ್ಯಾಂಕಿಗೆ ಬನ್ನಿ ಅಂದ್ರೆ ಬೇಜಾರಾಗ್ತಾರೇನೋ” ಅಂದರು.

ನಾನೇ ಕೇಳಲಾ ಅಂದೆ. ಬೇಡ ಅಂದರು. ಒಂದು ಗಂಟೆ ಬಿಟ್ಟು ಅವರೇ ಫೋನ್ ಮಾಡಿದರು: “ಬರ್ತಾರಂತೆ, ಸೋಮವಾರ ಹತ್ತೂವರೆಗೆ.” ಇಲ್ಲಿ ಆಗ ಬೆಳಗಿನ ಐದು ಗಂಟೆ. ಎದ್ದಿರುತ್ತೇನೆ, ಏನಾದರೂ ಕೇಳಬೇಕಾದರೆ ಅಲ್ಲಿಂದಲೇ ಫೋನ್ ಮಾಡಿ ಅಂದಿದ್ದೇನೆ.